ಅಮೆರಿಕದಲ್ಲಿ ಡೆಂಟಲ್ ಹೈಜೀನ್ ಓದಿದ್ದು: ಕ್ಲಿನಿಕ್ಕಲ್ಲಿ ಹಲ್ಲಿಗಿಂತ ಪೇಷಂಟ್ ಹುಡುಕೋದೇ ಕಷ್ಟ

ಈ ಮೇ ತಿಂಗಳಲ್ಲಿ ನನ್ನ ಡೆಂಟಲ್ ಹೈಜೀನ್ ಕೋರ್ಸ್ ಮುಗೀತು, ಲೈಸೆನ್ಸಿಗೆ ಬೇಕಾದ ಬೋರ್ಡ್ ಎಕ್ಸಾಮ್ ರಿಸಲ್ಟೂ ಬಂತು. ಚಿಕಾಗೋ ಹತ್ರದ ಒಂದು ಕಮ್ಯುನಿಟಿ ಕಾಲೇಜಲ್ಲಿ ಓದಿದ್ದು, ಕಾಲೇಜ್ ಹೆಸರು ಬೇಡ. ಸೇರೋಕೆ ಮುಂಚೆ ಕನ್ನಡದಲ್ಲಿ ಯಾರಾದ್ರೂ ಇದರ ಬಗ್ಗೆ ಬರೆದಿದಾರಾ ಅಂತ ಹುಡುಕಿದ್ದೆ, ನನಗೇನೂ ಸಿಗಲಿಲ್ಲ. ಈಗ ಎಚ್‌4 ವೀಸಾದಲ್ಲಿರೋ (ಅಂದ್ರೆ ಇಲ್ಲಿ ಕೆಲಸ ಮಾಡೋ ಗಂಡನ ಜೊತೆ ಬಂದಿರೋ) ಗೆಳತಿಯರು ಒಬ್ಬೊಬ್ಬರಾಗಿ ಮೆಸೇಜ್ ಮಾಡಿ ಈ ಕೋರ್ಸ್ ಬಗ್ಗೆನೇ ಕೇಳ್ತಿದಾರೆ, ಹಾಗಾಗಿ ಒಂದೇ ಸಲ ಎಲ್ಲಾ ಬರೆದು ಲಿಂಕ್ ಕಳಿಸೋಣ ಅಂತ. ಉದ್ದ ಆಗುತ್ತೆ, ಕಾಫಿ ಇಟ್ಕೊಂಡು ಓದಿ.

ನಮ್ಮೂರು ದಾವಣಗೆರೆ, ಎರಡೆರಡು ಡೆಂಟಲ್ ಕಾಲೇಜ್ ಇರೋ ಊರು, ಆದ್ರೂ ಹೈಜೀನಿಸ್ಟ್ ಅನ್ನೋ ಕೆಲಸ ಒಂದಿದೆ ಅಂತ ನನಗೆ ಗೊತ್ತಿರಲಿಲ್ಲ. ಅಮ್ಮ ಇವತ್ತಿಗೂ ನೆಂಟರ ಹತ್ರ "ಮಗಳು ಹಲ್ಲು ಡಾಕ್ಟರ್ ಓದ್ತಿದಾಳೆ" ಅಂತಾನೇ ಹೇಳೋದು, ತಿದ್ದಿ ತಿದ್ದಿ ಸಾಕಾಗಿ ಬಿಟ್ಟಿದೀನಿ. ನಮ್ಮ ದೇಶದಲ್ಲೂ 1948ರ ಡೆಂಟಿಸ್ಟ್ಸ್ ಆಕ್ಟಲ್ಲೇ ಡೆಂಟಲ್ ಹೈಜೀನಿಸ್ಟ್ ಅಂದ್ರೆ ಯಾರು ಅಂತ ಬರೆದಿದಾರೆ, ಎರಡು ವರ್ಷದ ಡಿಪ್ಲೊಮಾನೂ ಇದೆ, ಆದ್ರೆ ಊರಿನ ಕ್ಲಿನಿಕ್‌ಗಳಲ್ಲಿ ಕ್ಲೀನಿಂಗ್ ಸಾಮಾನ್ಯವಾಗಿ ಡೆಂಟಿಸ್ಟೇ ಮಾಡ್ತಾರೆ. ಇಲ್ಲಿ ಹಂಗಲ್ಲ, ಆರು ತಿಂಗಳಿಗೊಮ್ಮೆ ಕ್ಲೀನಿಂಗಿಗೆ ಹೋದ್ರೆ ಮುಕ್ಕಾಲು ಗಂಟೆ ನಿಮ್ಮ ಬಾಯಲ್ಲಿ ಕೆಲಸ ಮಾಡೋರು ಹೈಜೀನಿಸ್ಟ್, ಡೆಂಟಿಸ್ಟ್ ಕೊನೇಲಿ ಬಂದು ಐದು ನಿಮಿಷ ನೋಡಿ ಹೋಗ್ತಾರೆ. 2023ರ ಸರ್ಕಾರಿ ಅಂಕಿ ಅಂಶದಲ್ಲಿ ಹೈಜೀನಿಸ್ಟ್‌ಗಳ ಮಧ್ಯಮ ಸಂಬಳ ವರ್ಷಕ್ಕೆ 87 ಸಾವಿರ ಡಾಲರ್ ದಾಟಿತ್ತು. ಎರಡು ವರ್ಷದ ಅಸೋಸಿಯೇಟ್ ಡಿಗ್ರಿಗೆ ಇಷ್ಟಾ ಅಂತ ಕಣ್ಣು ಬಿಟ್ಟೇ ನಾನೂ ಸೇರಿದ್ದು, ಸುಳ್ಳು ಯಾಕೆ ಹೇಳ್ಲಿ.

ಆ ಎರಡು ವರ್ಷ ಅನ್ನೋದು ಮಾತ್ರ ಪೂರ್ತಿ ನಿಜ ಅಲ್ಲ. ಸೇರೋಕೆ ಮುಂಚೆ ಅನಾಟಮಿ ಫಿಸಿಯಾಲಜಿ, ಮೈಕ್ರೋಬಯಾಲಜಿ, ಕೆಮಿಸ್ಟ್ರಿ, ಇಂಗ್ಲಿಷ್, ಸೈಕಾಲಜಿ ಎಲ್ಲಾ ಮುಗಿಸಿರಬೇಕು, ಅದಕ್ಕೇ ಒಂದು ವರ್ಷದ ಮೇಲೆ ಹೋಗುತ್ತೆ. ಸೀಟು ಕಮ್ಮಿ, ಗ್ರೇಡಿಗೆ ಪಾಯಿಂಟ್ ಹಾಕಿ ತಗೋತಾರೆ, ಹಾಗಾಗಿ ಮೈಕ್ರೋಬಯಾಲಜಿನ ಪಾಸಾದ್ರೆ ಸಾಕು ಅಂತ ಓದ್ಬೇಡಿ. ನನ್ನ ಬಿಎಸ್ಸಿ ಮಾರ್ಕ್ಸ್ ಕಾರ್ಡ್‌ಗಳನ್ನ ಇಲ್ಲಿನ ಲೆಕ್ಕಕ್ಕೆ ತಂದು ಕೊಡೋ ಏಜೆನ್ಸಿಗೆ ಯೂನಿವರ್ಸಿಟಿಯಿಂದ ನೇರವಾಗಿ ಸೀಲ್ ಹಾಕಿದ ಕವರೇ ಬರಬೇಕಂತೆ, ಅದಕ್ಕೆ ಅಪ್ಪ ಪರೀಕ್ಷಾ ವಿಭಾಗಕ್ಕೆ ಅಲೆದಿದ್ದು ಒಂದು ಬೇರೇನೇ ಕಥೆ, ಒಂದು ಸಲ ಸಾಹೇಬ್ರು ರಜಾ, ಇನ್ನೊಂದು ಸಲ ಸೀಲ್ ಇರೋ ಬೀರು ಕೀ ಇಲ್ಲ. ಕೋರ್ಸ್ ಸೇರೋ ಯೋಚನೆ ಬಂದ ದಿನಾನೇ ಟ್ರಾನ್ಸ್‌ಕ್ರಿಪ್ಟಿಗೆ ಅರ್ಜಿ ಹಾಕಿಸಿ, ಸೇರ್ತೀರೋ ಬಿಡ್ತೀರೋ ಆಮೇಲಿನ ಮಾತು. ಎಚ್‌4ನಲ್ಲಿ ಓದೋಕೆ ತೊಂದ್ರೆ ಇಲ್ಲ, ಬೇರೆ ವೀಸಾ ಬೇಡ, ಆದ್ರೆ ಸರ್ಕಾರದ ವಿದ್ಯಾರ್ಥಿ ನೆರವು ಸಿಗಲ್ಲ. ಟ್ಯೂಷನ್, ಇನ್‌ಸ್ಟ್ರುಮೆಂಟ್ ಕಿಟ್, ಲೂಪ್ಸ್, ಎಕ್ಸಾಮ್ ಫೀಸ್ ಎಲ್ಲಾ ಸೇರಿ ನಮಗೆ 20 ಸಾವಿರ ಡಾಲರ್ ದಾಟ್ತು. ಲೂಪ್ಸ್ ಅಂದ್ರೆ ಕಣ್ಣಿಗೆ ಹಾಕೋ ಭೂತಗನ್ನಡಿ, ಲೈಟ್ ಸಮೇತ ಅದೊಂದೇ ಸಾವಿರ ಡಾಲರ್ ಮೇಲೆ. ದುಬಾರಿ ಅಂತ ಅದನ್ನ ಮುಂದೂಡ್ಬೇಡಿ, ಮೊದಲ ಸೆಮಿಸ್ಟರಲ್ಲೇ ತಗೊಳಿ, ಇಲ್ಲಾಂದ್ರೆ ಬಗ್ಗಿ ನೋಡೋ ಅಭ್ಯಾಸ ಅಂಟ್ಕೊಂಡು ಕುತ್ತಿಗೆ ಹೋಗುತ್ತೆ.

ಕ್ಲಿನಿಕ್ ಒಳಗೆ ಕಾಲಿಡೋಕೆ ಇನ್ನೊಂದು ಕಂತೆ ಪೇಪರ್. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿದ್ರೆ ಸಾಲದು, ರಕ್ತದಲ್ಲಿ ಆಂಟಿಬಾಡಿ ಇದೆ ಅಂತ ಟೈಟರ್ ರಿಪೋರ್ಟ್ ಬೇಕು. ದಡಾರ, ಚಿಕನ್‌ಪಾಕ್ಸ್ ಅಂತ ಅದಕ್ಕೂ ಟೈಟರ್. ಸಿಪಿಆರ್ ಸರ್ಟಿಫಿಕೇಟ್, ಬ್ಯಾಕ್‌ಗ್ರೌಂಡ್ ಚೆಕ್, ಡ್ರಗ್ ಟೆಸ್ಟ್, ಇನ್ಶೂರೆನ್ಸ್. ಇದರಲ್ಲಿ ನಮ್ಮ ದೇಶದೋರಿಗೆ ಅಂತಾನೇ ಇರೋ ಒಂದು ಗುಂಡಿ ಟಿಬಿ ಟೆಸ್ಟ್. ನಮಗೆಲ್ಲ ಹುಟ್ಟಿದಾಗ ಬಿಸಿಜಿ ಹಾಕಿರ್ತಾರಲ್ಲ, ಅದರಿಂದ ಚರ್ಮಕ್ಕೆ ಚುಚ್ಚಿ ನೋಡೋ ಟೆಸ್ಟ್ ಟಿಬಿ ಇಲ್ದಿದ್ರೂ ಪಾಸಿಟಿವ್ ಬರಬಹುದು. ನನಗೆ ಮೊಣಕೈ ಕೆಳಗೆ ಇಷ್ಟಗಲ ಊದಿಕೊಂಡು, ಎದೆ ಎಕ್ಸ್‌ರೇ ತೆಗೆಸಿ, ಕಾಲೇಜಿನ ಹೆಲ್ತ್ ಆಫೀಸಿಂದ ಕ್ಲಿಯರೆನ್ಸ್ ಬರೋವರೆಗೂ ಹೊಟ್ಟೇಲಿ ಭಯ, ಗಂಡ ಬೇರೆ ಗೂಗಲ್ ಮಾಡಿ ಇನ್ನೂ ಹೆದರಿಸಿದ್ರು. ನೀವು ಮೊದಲೇ ಬಿಸಿಜಿ ಆಗಿದೆ ಅಂತ ಹೇಳಿ ರಕ್ತದ ಟೆಸ್ಟೇ ಕೇಳಿ, ಕ್ವಾಂಟಿಫೆರಾನ್ ಅಂತ ಕರೀತಾರೆ, ಅದಕ್ಕೆ ಬಿಸಿಜಿ ಅಡ್ಡ ಬರಲ್ಲ.

ಮೊದಲ ಸೆಮಿಸ್ಟರ್ ಪೂರ್ತಿ ಗೊಂಬೆ ತಲೆ. ರಬ್ಬರ್ ಕೆನ್ನೆ, ಪ್ಲಾಸ್ಟಿಕ್ ಹಲ್ಲು, ಅದರ ಮೇಲೆ ನೈಲ್ ಪಾಲಿಶ್ ಹಚ್ಚಿ ಅದನ್ನ ಕೆರೆದು ತೆಗೆಯೋದು. ಪೆನ್ನು ಹಿಡಿಯೋ ತರ ಹಿಡೀಬೇಕು ಆದ್ರೆ ಪೆನ್ನು ಹಿಡಿಯೋ ತರ ಅಲ್ಲ, ಉಂಗುರ ಬೆರಳು ಪಕ್ಕದ ಹಲ್ಲಿನ ಮೇಲೆ ಊರಿರಬೇಕು, ಅದಕ್ಕೆ ಫಲ್ಕ್ರಮ್ ಅಂತಾರೆ, ಅದು ಜಾರಿದ್ರೆ ಟೀಚರ್ ದೂರದಿಂದಾನೇ ಕೂಗೋರು. ಮೇಲಿನ ದವಡೆ ಹಲ್ಲಿನ ಹಿಂದೆ ನೇರ ಕಾಣಲ್ಲ, ಕನ್ನಡೀಲಿ ನೋಡ್ಕೊಂಡು ಉಲ್ಟಾ ಕೈ ಆಡಿಸಬೇಕು. ಎಕ್ಸ್‌ಪ್ಲೋರರ್ ಅಂತ ಕೂದಲೆಳೆ ತೆಳ್ಳಗಿನ ತಂತಿ, ಅದನ್ನ ವಸಡಿನ ಕೆಳಗೆ ಇಳಿಸಿ ಕಾಣದೇ ಇರೋ ಕಲ್ಲನ್ನ (ಹಲ್ಲಿಗೆ ಅಂಟಿ ಗಟ್ಟಿಯಾದ ಕೊಳೆ) ಬರೀ ಬೆರಳ ತುದೀಲಿ ಪತ್ತೆ ಮಾಡೋದು, ಕಣ್ಣು ಮುಚ್ಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಮೊದಮೊದಲು ನನಗೆ ಎಲ್ಲಾ ಕಡೆ ಕಲ್ಲು ಅನ್ನಿಸ್ತಿತ್ತು, ಆಮೇಲೆ ಎಲ್ಲೂ ಇಲ್ಲ ಅನ್ನಿಸ್ತಿತ್ತು. ನಂತರ ಗ್ರೇಸಿ ಕ್ಯುರೆಟ್‌ಗಳು, ಅಂದ್ರೆ ಕಲ್ಲು ಕೆರೆಯೋ ಇನ್‌ಸ್ಟ್ರುಮೆಂಟ್‌ಗಳು, ನಂಬರ್ 1/2 ಮುಂದಿನ ಹಲ್ಲಿಗೆ, 11/12 ದವಡೆ ಹಲ್ಲಿನ ಮುಂಭಾಗಕ್ಕೆ, 13/14 ಹಿಂಭಾಗಕ್ಕೆ. ಅವನ್ನ ಸಾಣೆಕಲ್ಲಲ್ಲಿ ಮಸೆಯೋದು ಕಲೀಲೇಬೇಕು, ಇದನ್ನ ಎಷ್ಟೋ ಜನ ಅಸಡ್ಡೆ ಮಾಡ್ತಾರೆ, ಮೊಂಡು ಇನ್‌ಸ್ಟ್ರುಮೆಂಟಲ್ಲಿ ಕೆರೆದ್ರೆ ಕಲ್ಲು ಹೋಗಲ್ಲ, ನುಣ್ಣಗಾಗಿ ಅಲ್ಲೇ ಉಳಿದು ಕೈಗೂ ಸಿಗಲ್ಲ, ನಿಮ್ಮ ಮಣಿಕಟ್ಟು ಮಾತ್ರ ಹೋಗುತ್ತೆ.

ಗೊಂಬೆ ಆದ್ಮೇಲೆ ಕ್ಲಾಸ್‌ಮೇಟ್ಸ್ ಬಾಯಿ. ಅನಸ್ತೇಶಿಯಾ ಇಂಜೆಕ್ಷನ್ ಕೂಡ ಮೊದಲು ಒಬ್ಬರಿಗೊಬ್ಬರು ಕೊಟ್ಕೊಳ್ಳೋದು. ನನ್ನ ಪಾರ್ಟ್ನರ್‌ಗೆ ಕೈ ನಡುಗ್ತಿತ್ತು, ನನಗೆ ಕಾಲು. ಆವತ್ತು ಸಂಜೆ ಮನೇಲಿ ಮಗನ ಜೊತೆ ಅರ್ಧ ತುಟೀಲೇ ಮಾತಾಡಿದೆ, ಅವನಿಗೆ ಖುಷಿಯೋ ಖುಷಿ.

ನಿಜವಾದ ಕಥೆ ಇಲ್ಲಿಂದ. ಕ್ಲಿನಿಕ್ ಸೆಮಿಸ್ಟರ್ ಶುರು ಆದಾಗ ಕೈಗೆ ಒಂದು ರಿಕ್ವೈರ್‌ಮೆಂಟ್ ಶೀಟ್ ಕೊಡ್ತಾರೆ. ಇಷ್ಟು ಜನ ದೊಡ್ಡೋರು, ಇಷ್ಟು ಮಕ್ಕಳು, ಹದಿಹರೆಯದೋರು, ವಯಸ್ಸಾದೋರು, ವಿಶೇಷ ಅಗತ್ಯ ಇರೋರು, ಎಲ್ಲಕ್ಕಿಂತ ಮುಖ್ಯವಾಗಿ ವಸಡಿನ ಕೆಳಗೆ ಗಟ್ಟಿ ಕಲ್ಲು ಕಟ್ಟಿರೋ ಕಷ್ಟದ ಕೇಸ್‌ಗಳು ಇಷ್ಟು. ಕಾಲೇಜ್ ಕ್ಲಿನಿಕ್‌ಗೆ ಒಂದಷ್ಟು ಜನ ತಾವಾಗೇ ಬರ್ತಾರೆ, ಆದ್ರೆ ನಮ್ಮ ಶೀಟ್ ತುಂಬೋಕೆ ಅದು ಸಾಲ್ತಿರಲಿಲ್ಲ, ಮಿಕ್ಕಿದ್ದು ನಾವೇ ಹುಡುಕ್ಕೋಬೇಕು. ಇದನ್ನ ಅಡ್ಮಿಷನ್ ಟೈಮಲ್ಲಿ ಯಾರೂ ಬಿಡಿಸಿ ಹೇಳಿರಲಿಲ್ಲ. ಇಲ್ಲೇ ಹುಟ್ಟಿ ಬೆಳೆದ ಹುಡುಗೀರಿಗೆ ಅಜ್ಜಿ, ಚಿಕ್ಕಪ್ಪ, ಬಾಯ್‌ಫ್ರೆಂಡ್, ಚರ್ಚ್ ಜನ ಎಲ್ಲಾ ಇದ್ರು. ನನಗೆ ಗಂಡ, ಮಗ. ಗಂಡನ ಹಲ್ಲೋ ಫಳಫಳ, ಒಂದು ಚೂರು ಕಲ್ಲಿಲ್ಲ, ಜೀವನದಲ್ಲಿ ಮೊದಲ ಸಲ ಅದಕ್ಕೆ ಬೇಜಾರಾಯ್ತು. ಮಗನಿಗೆ ಹಾಲು ಹಲ್ಲು ಬಿದ್ದು ಹೊಸಾದು ಬರ್ತಿದ್ದ ವಯಸ್ಸು, ಮಕ್ಕಳ ಕಾಲಂಗೆ ಅವನು ಉಪಯೋಗಕ್ಕೆ ಬಂದ.

ಕೊನೆಗೆ ಕನ್ನಡ ಕೂಟದ ಯುಗಾದಿ ಕಾರ್ಯಕ್ರಮದಲ್ಲಿ ಊಟದ ಸಾಲಲ್ಲಿ ನಿಂತು ಜನರ ಹಲ್ಲು ನೋಡೋಕೆ ಶುರು ಮಾಡಿದೆ. ನಗ್ತಿರೋರ ಕೆಳಗಿನ ಮುಂದಿನ ಹಲ್ಲಿನ ಹಿಂದೆ ಹಳದಿ ಕಂಡ್ರೆ ಸಾಕು, ಹೋಗಿ ಪರಿಚಯ ಮಾಡ್ಕೊಳ್ಳೋದು. ಹೋಳಿಗೆ ತಿಂತಿರೋರ ಹತ್ರ "ಅಂಕಲ್ ನಿಮ್ಮ ಹಲ್ಲಲ್ಲಿ ಕಲ್ಲು ತುಂಬಾ ಇದೆ, ಬರ್ತೀರಾ" ಅಂತ ಕೇಳೋಕಾಗುತ್ತಾ? ಹೇಗೋ ಸುತ್ತಿ ಬಳಸಿ ಕೇಳ್ತಿದ್ದೆ. ವಾಟ್ಸಾಪ್ ಗ್ರೂಪಲ್ಲಿ ಹಾಕಿದ ಮೆಸೇಜಿಗೆ ಬರೀ ಥಂಬ್ಸ್ ಅಪ್ ಬಂತು, ಒಬ್ಬರೂ ಬರಲಿಲ್ಲ, ಒಬ್ಬೊಬ್ಬರಿಗೇ ಫೋನ್ ಮಾಡಿದ್ದು ಮಾತ್ರ ಕೆಲಸ ಮಾಡ್ತು.

ಆಮೇಲೆ ಗೊತ್ತಾಯ್ತು ಸರಿಯಾದ ಪೇಷಂಟ್ಸ್ ಯಾರು ಅಂತ. ಊರಿಂದ ಮಕ್ಕಳ ಮನೆಗೆ ಬಂದಿರೋ ಅಪ್ಪ ಅಮ್ಮಂದಿರು! ಅವರ ವಿಸಿಟರ್ ಇನ್ಶೂರೆನ್ಸಲ್ಲಿ ಹಲ್ಲು ಕ್ಲೀನಿಂಗ್ ಬರಲ್ಲ, ಪ್ರೈವೇಟಲ್ಲಿ ಹೋದ್ರೆ ಬಿಲ್ ನೋಡಿ ತಲೆ ತಿರುಗುತ್ತೆ, ನಮ್ಮ ಕ್ಲಿನಿಕ್ಕಲ್ಲಿ ಫೀಸ್ ತೀರಾ ಕಮ್ಮಿ, ಅದನ್ನೂ ಎಷ್ಟೋ ಸಲ ನಾನೇ ಕಟ್ಟಿದೀನಿ. ಹಗಲು ಹೊತ್ತು ಮನೇಲೇ ಇರ್ತಾರೆ, ಮಾತಾಡೋಕೆ ಜನ ಬೇಕು ಅವರಿಗೂ. ಒಂದೇ ಕಷ್ಟ, ಅವರಿಗೆ ಕಾರ್ ಓಡಿಸೋಕೆ ಬರಲ್ಲ, ಕರ್ಕೊಂಡು ಬಂದು ಬಿಡೋ ಡ್ಯೂಟಿ ನಂದೇ. ಜನವರಿಯಲ್ಲಿ ಸ್ನೋ ಬಿದ್ದ ದಿನ ನೇಪರ್‌ವಿಲ್‌ಗೆ ಹೋಗಿ ಒಬ್ಬರು ಅಜ್ಜನಿಗೆ ಸ್ವೆಟರ್ ಮೇಲೆ ಸ್ವೆಟರ್ ಹಾಕಿಸಿ ಕೂರಿಸ್ಕೊಂಡು ಬಂದಿದ್ದೂ ಇದೆ.

ಅಲ್ಲೂ ಸುಲಭ ಇರಲಿಲ್ಲ. ಎಲ್ಲರ ಮೊದಲ ಮಾತು "ಕ್ಲೀನ್ ಮಾಡಿಸಿದ್ರೆ ಹಲ್ಲು ಸಡಿಲ ಆಗುತ್ತಂತಲ್ಲ". ಇದಕ್ಕೆ ನಾನು ಬಾಯಿಪಾಠ ಮಾಡ್ಕೊಂಡಿದ್ದ ಉತ್ತರ ಏನಂದ್ರೆ, ಹಲ್ಲು ಸಡಿಲ ಆಗಿರೋದು ಕಲ್ಲಿನಿಂದ ವಸಡು, ಮೂಳೆ ಕರಗಿ, ಕಲ್ಲು ಅದನ್ನ ಮುಚ್ಚಿಟ್ಟಿರುತ್ತೆ ಅಷ್ಟೇ, ತೆಗೆದಾಗ ಸಂದಿ ಕಾಣುತ್ತೆ, ಸ್ವಲ್ಪ ದಿನ ಜುಮ್ ಅನ್ನುತ್ತೆ. ಎರಡನೇದು ಮೆಡಿಕಲ್ ಹಿಸ್ಟರಿ. ಖಾಯಿಲೆ ಏನಾದ್ರೂ ಇದೆಯಾ ಅಂದ್ರೆ "ಏನೂ ಇಲ್ಲಮ್ಮ, ಆರಾಮ್". ಮಾತ್ರೆ ತಗೋತೀರಾ ಅಂದ್ರೆ "ಬಿಪಿದು ಒಂದು, ಶುಗರಿಂದು ಎರಡು, ರಕ್ತ ತೆಳ್ಳಗಾಗೋದು ಒಂದು, ಅದು ಬಿಟ್ರೆ ಏನೂ ಇಲ್ಲ". ರಕ್ತ ತೆಳು ಮಾಡೋ ಮಾತ್ರೆ ಇದ್ರೆ ಅಲ್ಲಿಗೇ ಕೆಲಸ ನಿಲ್ಲುತ್ತೆ, ಅವರ ಡಾಕ್ಟರ್ ಏನಂತಾರೆ ಕೇಳಬೇಕು, ಡಾಕ್ಟರ್ ತುಮಕೂರಲ್ಲಿ, ಇಲ್ಲಿ ಹಗಲು ಅಂದ್ರೆ ಅಲ್ಲಿ ರಾತ್ರಿ. ಆದ್ರಿಂದ ಕರ್ಕೊಂಡು ಬರೋಕೆ ಒಂದು ವಾರ ಮುಂಚೆನೇ ಮಾತ್ರೆ ಚೀಟಿಗಳ ಫೋಟೋ ತರಿಸ್ಕೊಳಿ, ಹಾರ್ಟ್ ಆಪರೇಷನ್ ಆಗಿದೆಯಾ, ವಾಲ್ವ್ ಹಾಕಿದಾರಾ ಅಂತ ಹೆಸರು ಹಿಡಿದೇ ಕೇಳಿ, ಕೃತಕ ವಾಲ್ವ್ ಇದ್ರೆ ಮುಂಚೆನೇ ಆಂಟಿಬಯಾಟಿಕ್ ಕೊಡದೆ ಮುಟ್ಟೋ ಹಾಗಿಲ್ಲ.

ಬಿಪಿ ಇನ್ನೊಂದು ಗಂಡಾಂತರ. ನಮ್ಮಲ್ಲಿ 180/110 ದಾಟಿದ್ರೆ ಪೇಷಂಟನ್ನ ವಾಪಸ್ ಕಳಿಸಬೇಕು. ಒಬ್ಬರು ಅಂಕಲ್, ಅಂಥ ಕಲ್ಲು ನಾನು ಪುಸ್ತಕದಲ್ಲೂ ನೋಡಿರಲಿಲ್ಲ, ನನ್ನ ಶೀಟಿನ ಕಷ್ಟದ ಕೇಸ್ ಅವರೊಬ್ಬರಿಂದಲೇ ಮುಗಿಯೋದಿತ್ತು, ಕುರ್ಚೀಲಿ ಕೂತ್ರು, ಬಿಪಿ ನೋಡಿದ್ರೆ ಮೇಲೆ 190. ಹತ್ತು ನಿಮಿಷ ಬಿಟ್ಟು ನೋಡಿದ್ವಿ, ಇಳೀಲಿಲ್ಲ. ಬೆಳಗ್ಗೆ ಮಾತ್ರೆ ತಗೊಂಡಿರಲಿಲ್ಲ, ಯಾಕಂದ್ರೆ ಹಲ್ಲಿನ ಡಾಕ್ಟರ್ ಹತ್ರ ಖಾಲಿ ಹೊಟ್ಟೇಲಿ ಹೋಗಬೇಕು ಅಂದ್ಕೊಂಡಿದ್ರಂತೆ. ಅವರನ್ನ ಅರ್ಜೆಂಟ್ ಕೇರ್‌ಗೆ ಕರ್ಕೊಂಡು ಹೋದ್ವಿ, ನನ್ನ ನಾಲ್ಕು ಗಂಟೆ ಸೆಷನ್ ಖಾಲಿ, ಆ ದಿನದ ಕಾಲಂ ಸೊನ್ನೆ. ಅವತ್ತು ಕಾರ್ ಪಾರ್ಕಿಂಗಲ್ಲಿ ಅತ್ತಿದ್ದು ನಿಜ. ಅವರು ಮಾತ್ರೆ ಸರಿ ಮಾಡಿಸ್ಕೊಂಡು ಮುಂದಿನ ತಿಂಗಳು ಬಂದ್ರು, ಅದು ಅವರ ದೊಡ್ಡತನ. ಪೇಷಂಟ್ಸಿಗೆ ಹೇಳಿ: ಹೊಟ್ಟೆ ತುಂಬ ತಿಂಡಿ ತಿಂದು, ದಿನದ ಮಾತ್ರೆ ತಗೊಂಡೇ ಬನ್ನಿ.

ಒಂದು ಸಿಟ್ಟಿಂಗ್ ಅಂದ್ರೆ ಹೇಗಿರುತ್ತೆ ಅಂತ ಹೇಳ್ತೀನಿ, ಯಾಕಂದ್ರೆ ಬರೋರು ಅರ್ಧ ಗಂಟೆ ಅಂದ್ಕೊಂಡು ಬರ್ತಾರೆ. ಹಿಸ್ಟರಿ, ಬಿಪಿ, ಕುತ್ತಿಗೆ ದವಡೆ ಗಂಟು ಮುಟ್ಟಿ ನೋಡೋದು, ಬಾಯಿ ಒಳಗೆ ಪರೀಕ್ಷೆ, ಎಕ್ಸ್‌ರೇ, ಆಮೇಲೆ ಪ್ರತಿ ಹಲ್ಲಿಗೆ ಆರು ಕಡೆ ವಸಡಿನ ಆಳ ಅಳತೆ, 28 ಹಲ್ಲಿದ್ರೆ 168 ನಂಬರ್. ಒಂದೊಂದು ಹಂತ ಆದ್ಮೇಲೂ ಇನ್‌ಸ್ಟ್ರಕ್ಟರ್ ಬಂದು ನೋಡಿ ಸಹಿ ಹಾಕೋವರೆಗೂ ಮುಂದಿನ ಹಂತ ಮುಟ್ಟಂಗಿಲ್ಲ. ಒಂದು ಇನ್‌ಸ್ಟ್ರಕ್ಟರ್‌ಗೆ ಐದಾರು ಜನ ಸ್ಟೂಡೆಂಟ್ಸ್, ನಿಮ್ಮ ಸರದಿ ಬರೋವರೆಗೂ ಪೇಷಂಟ್ ಬಾಯಿ ಮುಚ್ಕೊಂಡು ಸೀಲಿಂಗ್ ನೋಡ್ತಿರ್ತಾರೆ. ಮೊದಲ ದಿನ ಬರೀ ಅಳತೆಯಲ್ಲೇ ಮುಗಿಯುತ್ತೆ, ಕಲ್ಲು ತೆಗೆಯೋದು ಮುಂದಿನ ಸಲ, ಒಂದು ಸಲಕ್ಕೆ ಬಾಯಿಯ ಕಾಲು ಭಾಗ. ಅಂದ್ರೆ ಕಷ್ಟದ ಕೇಸಿನೋರು ನಾಲ್ಕೈದು ಸಲ ಬರಬೇಕು. ಇದನ್ನ ಕರೆಯೋವಾಗಲೇ ಹೇಳಿಬಿಡಿ, ಅರ್ಧಕ್ಕೆ ಬಿಟ್ಟು ಹೋದ್ರೆ ನಿಮಗೆ ಪೂರ್ತಿ ಕ್ರೆಡಿಟ್ ಸಿಗಲ್ಲ. ಊರಿಂದ ಬಂದೋರಾದ್ರೆ ರಿಟರ್ನ್ ಟಿಕೆಟ್ ತಾರೀಖು ಮೊದಲೇ ಕೇಳಿ ಪುಸ್ತಕದಲ್ಲಿ ಬರೆದಿಟ್ಕೊಳಿ. ಒಬ್ಬರಿಗೆ ಮೂರು ಭಾಗ ಕ್ಲೀನ್ ಆಗಿ ನಾಲ್ಕನೇದು ಬಾಕಿ ಇರೋವಾಗ ಮೊಮ್ಮಗಳ ಮದುವೆ ಅಂತ ಟಿಕೆಟ್ ಪ್ರಿಪೋನ್ ಮಾಡಿಸ್ಕೊಂಡು ಹೋಗ್ಬಿಟ್ರು.

ಮರೆಯೋಕೆ ಆಗದೇ ಇರೋದು ಸಾಗರದ ಕಡೆಯ ಒಬ್ಬ ಅಮ್ಮ. ಮಗನ ಮನೆಗೆ ಬಂದಿದ್ರು, ಎಲೆ ಅಡಿಕೆ ಅಭ್ಯಾಸ, ತಂಬಾಕು ಇಲ್ಲ, ಹಲ್ಲೆಲ್ಲ ಕೆಂಗಪ್ಪು. ನಾನು ಸ್ಟೇನ್ ನೋಡಿ ಖುಷಿಯಾಗಿದ್ದೆ, ಒಳ್ಳೇ ಕೇಸ್ ಅಂತ. ಬಾಯಿ ತೆಗೀರಿ ಅಂದ್ರೆ ಎರಡು ಬೆರಳು ಹೋಗೋವಷ್ಟೂ ತೆಗೆಯೋಕಾಗ್ತಿಲ್ಲ, ಮೂರು ಬೆರಳು ಹೋಗಬೇಕು ಸಾಮಾನ್ಯವಾಗಿ. ಕೆನ್ನೆ ಒಳಗೆ ಬೆಳ್ಳಗೆ, ಮುಟ್ಟಿದ್ರೆ ಬಿಗಿ. "ಖಾರ ತಿಂದ್ರೆ ಉರಿಯುತ್ತಾ" ಅಂತ ಕೇಳ್ದೆ, "ವರ್ಷದ ಮೇಲಾಯ್ತು ತಂಗಿ, ವಯಸ್ಸಾಯ್ತಲ್ಲ ಅಂತ ಸುಮ್ನಿದ್ದೆ, ಮೊಸರನ್ನಾನೇ ಊಟ" ಅಂದ್ರು. ನಮ್ಮ ಪುಸ್ತಕದಲ್ಲಿ ಸಬ್‌ಮ್ಯೂಕಸ್ ಫೈಬ್ರೋಸಿಸ್ (ಅಡಿಕೆಯಿಂದ ಕೆನ್ನೆ ಒಳಗೆ ಬಿಗಿಯಾಗಿ ಬಾಯಿ ತೆಗೆಯೋಕಾಗದ ಖಾಯಿಲೆ) ಬಗ್ಗೆ ಇದ್ದಿದ್ದು ಒಂದು ಸಣ್ಣ ಪ್ಯಾರಾ, ನನ್ನ ಇನ್‌ಸ್ಟ್ರಕ್ಟರ್ ಇಷ್ಟು ವರ್ಷದ ಸರ್ವೀಸಲ್ಲಿ ಕಣ್ಣಾರೆ ನೋಡೇ ಇರಲಿಲ್ಲವಂತೆ, ಉಳಿದ ಟೀಚರ್‌ಗಳನ್ನೂ ಕರೆದು ತೋರಿಸಿದ್ರು. ಡೆಂಟಿಸ್ಟ್ ಬಂದು ನೋಡಿ ಸ್ಪೆಷಲಿಸ್ಟಿಗೆ ರೆಫರ್ ಬರೆದ್ರು. ಹೈಜೀನಿಸ್ಟ್ ರೋಗ ಇದೇ ಅಂತ ಹೇಳಂಗಿಲ್ಲ, ಕಂಡಿದ್ದು ಬರೆದು ಡೆಂಟಿಸ್ಟಿಗೆ ತೋರಿಸೋದಷ್ಟೇ ನಮ್ಮ ಕೆಲಸ. ಡೆಂಟಿಸ್ಟ್ ಇಂಗ್ಲಿಷಲ್ಲಿ ಹೇಳಿದ್ದನ್ನ ಕನ್ನಡದಲ್ಲಿ ಆ ಅಮ್ಮನಿಗೆ ಹೇಳೋದು ಮಾತ್ರ ನನ್ನ ಪಾಲಿಗೆ ಬಂತು. ಅವರದ್ದು ಅಡಿಕೆ ತೋಟದ ಮನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಅಡಿಕೆಯನ್ನ ಕ್ಯಾನ್ಸರ್ ತರೋ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ, ಅದು ನನಗೆ ಪರೀಕ್ಷೆಗೆ ಓದಿದ್ದ ಸಾಲು, ಮೂರು ತಲೆಮಾರು ಅದರಲ್ಲೇ ಅನ್ನ ತಿಂದೋರ ಮುಂದೆ ಅದನ್ನ ಹೇಗೆ ಹೇಳೋದು? ಹೇಳ್ದೆ. ಸ್ವಲ್ಪ ಹೊತ್ತು ಸುಮ್ನಿದ್ದು "ಬೆಳೆಯೋದು ಬಿಡಕ್ಕಾಗಲ್ಲ, ತಿನ್ನೋದು ಬಿಡ್ತೀನಿ" ಅಂದ್ರು. ಇಲ್ಲಿ ಸ್ಪೆಷಲಿಸ್ಟ್ ಖರ್ಚು ಕೇಳಿ ಮಗ ಅವರನ್ನ ಬೇಗನೇ ಊರಿಗೆ ಕಳಿಸಿದ್ರು, ಮಣಿಪಾಲದಲ್ಲಿ ತೋರಿಸಿದಾರಂತೆ, ಬಯಾಪ್ಸಿಯಲ್ಲಿ ಸದ್ಯಕ್ಕೆ ಕ್ಯಾನ್ಸರ್ ಇಲ್ಲ, ಬಾಯಿ ತೆಗೆಯೋ ವ್ಯಾಯಾಮ ಮಾಡ್ತಿದಾರೆ. ಅವರ ಕ್ಲೀನಿಂಗ್ ಪೂರ್ತಿ ಆಗಲೇ ಇಲ್ಲ, ಶೀಟಲ್ಲಿ ಅರ್ಧ ಕ್ರೆಡಿಟ್ಟೇ ಬಂತು.

ಇನ್ನು ಬೋರ್ಡ್ ಎಕ್ಸಾಮ್. ಎರಡು ತರ. ಥಿಯರಿ ನ್ಯಾಷನಲ್ ಬೋರ್ಡ್, 350 ಪ್ರಶ್ನೆ, ಒಂದು ಇಡೀ ದಿನ ಕಂಪ್ಯೂಟರ್ ಮುಂದೆ, ಪಾಸಾಗೋಕೆ 75 ಸ್ಕೋರ್ ಬೇಕು, ಅದು ಪರ್ಸೆಂಟ್ ಅಲ್ಲ, ಗಾಬರಿ ಬೇಡ. ಕೇಸ್ ಕೊಟ್ಟು ಎಕ್ಸ್‌ರೇ, ಚಾರ್ಟ್ ತೋರಿಸಿ ಕೇಳೋ 150 ಪ್ರಶ್ನೆಗಳಲ್ಲೇ ಟೈಮ್ ಹೋಗೋದು, ಕ್ಲಿನಿಕ್ಕಲ್ಲಿ ಗಮನ ಕೊಟ್ಟು ಚಾರ್ಟ್ ಓದಿದೋರಿಗೆ ಅದು ಸುಲಭ. ಪ್ರಾಕ್ಟಿಕಲ್‌ಗೆ ಮುಂಚೆ ಜೀವಂತ ಪೇಷಂಟ್‌ನೇ ಕರ್ಕೊಂಡು ಹೋಗಬೇಕಿತ್ತು, ಸೀನಿಯರ್ಸ್ ಹೋಟೆಲ್ ರೂಮ್ ಮಾಡಿ ಪೇಷಂಟನ್ನ ಹಿಂದಿನ ರಾತ್ರೀನೇ ತಂದಿಟ್ಕೋತಿದ್ರಂತೆ, ಬೆಳಗ್ಗೆ ಕೈ ಕೊಟ್ರೆ ಅಂತ. ಕೋವಿಡ್ ಆದ್ಮೇಲೆ ಗೊಂಬೆ ಮೇಲೆ ಮಾಡೋ ಆಯ್ಕೆ ಬಂದಿದೆ, ನಮ್ಮ ಬ್ಯಾಚ್ ಪೂರ್ತಿ ಗೊಂಬೆ ಮೇಲೇ ಮಾಡಿದ್ದು. ನೀವು ಕೆಲಸ ಮಾಡಬೇಕು ಅಂತಿರೋ ರಾಜ್ಯ ಯಾವುದನ್ನ ಒಪ್ಪುತ್ತೆ ಅಂತ ಆ ರಾಜ್ಯದ ಬೋರ್ಡಲ್ಲೇ ನೋಡ್ಕೊಳಿ, ಗಂಡನಿಗೆ ಟ್ರಾನ್ಸ್‌ಫರ್ ಆಗೋ ಸಾಧ್ಯತೆ ಇದ್ರಂತೂ ಖಂಡಿತ.

ಕೊನೇ ಅಡ್ಡಿ ಹೆಸರಿಂದು. ನನ್ನ ಮಾರ್ಕ್ಸ್ ಕಾರ್ಡಲ್ಲಿ ಇನಿಷಿಯಲ್, ಪಾಸ್‌ಪೋರ್ಟಲ್ಲಿ ಅಪ್ಪನ ಹೆಸರು ಪೂರ್ತಿ, ಕಾಲೇಜ್ ರೆಕಾರ್ಡಲ್ಲಿ ಗಂಡನ ಹೆಸರು. ಎಕ್ಸಾಮ್ ರಿಜಿಸ್ಟ್ರೇಷನ್ ಹೆಸರು ಐಡಿ ಹೆಸರಿಗೆ ಅಕ್ಷರ ಅಕ್ಷರ ಹೊಂದಬೇಕು, ಇಲ್ಲಾಂದ್ರೆ ಬಾಗಿಲಲ್ಲೇ ವಾಪಸ್, ಕಟ್ಟಿದ ಫೀಸೂ ಹೋಯ್ತು. ಕಾಲೇಜಿಗೆ ಅರ್ಜಿ ಹಾಕೋ ದಿನದಿಂದ ಪಾಸ್‌ಪೋರ್ಟಲ್ಲಿ ಇರೋ ಹೆಸರನ್ನೇ ಎಲ್ಲಾ ಕಡೆ ಕೊಡಿ. ಲೈಸೆನ್ಸ್ ಸಿಕ್ಕಿದ ತಕ್ಷಣ ಕೆಲಸ ಅಂತಾನೂ ಅಂದ್ಕೋಬೇಡಿ, ಎಚ್‌4ನೋರಿಗೆ ಇಎಡಿ (ಕೆಲಸ ಮಾಡೋಕೆ ಸರ್ಕಾರ ಕೊಡೋ ಅನುಮತಿ ಕಾರ್ಡ್) ಬೇಕು, 2015ರಿಂದ ಕೊಡ್ತಿದಾರೆ, ಅದೂ ಮುಖ್ಯವಾಗಿ ಗಂಡ ಅಥವಾ ಹೆಂಡತಿಯ ಐ-140 (ಗ್ರೀನ್ ಕಾರ್ಡಿಗೆ ಕಂಪನಿ ಹಾಕೋ ಅರ್ಜಿ) ಅಪ್ರೂವ್ ಆಗಿದ್ರೆ. ಐ-140 ಇನ್ನೂ ಶುರುವೇ ಆಗಿಲ್ಲ ಅಂದ್ರೆ ಈ ಕೋರ್ಸಿಗೆ ದುಡ್ಡು ಹಾಕೋ ಮುಂಚೆ ಇಬ್ಬರೂ ಕೂತು ಕ್ಯಾಲೆಂಡರ್ ನೋಡಿ. ನನ್ನ ಇಎಡಿ ರಿನ್ಯೂವಲ್ ಹೋಗಿದೆ, ಲೈಸೆನ್ಸ್ ಅರ್ಜಿ ಸ್ಟೇಟಸ್ ಇನ್ನೂ ಪೆಂಡಿಂಗ್, ಎರಡು ಆಫೀಸಲ್ಲಿ ವರ್ಕಿಂಗ್ ಇಂಟರ್‌ವ್ಯೂಗೆ, ಅಂದ್ರೆ ಕೆಲಸ ಮಾಡಿಸಿ ನೋಡೋಕೆ, ಕರೆದಿದಾರೆ. ಇನ್‌ಸ್ಟ್ರುಮೆಂಟ್ ಕಿಟ್ಟು, ಪ್ಲಾಸ್ಟಿಕ್ ಹಲ್ಲಿನ ಸೆಟ್ಟು ಹಾಗೇ ಇಟ್ಟಿದೀನಿ, ಚಿಕಾಗೋ ಕಡೆ ಸೇರ್ತಿರೋರು ಯಾರಾದ್ರೂ ಇದ್ರೆ ಹೇಳಿ, ಹಲ್ಲಿನ ಸೆಟ್ ಸುಮ್ನೆ ಕೊಡ್ತೀನಿ, ಲೂಪ್ಸ್ ಮಾತ್ರ ಕೊಡಲ್ಲ.